ಬಲ ಯಾರದು, ಯಾರ ಮೇಲೆ? ಬಲ ಮತ್ತು ಸಂವೇಗದ ಲೆಕ್ಕಗಳಿಗೆ ಕೈಹಾಕುವ ಬಗೆ

ಮೊದಲ ಪಿಯುಸಿ ತರಗತಿಗಳು ಶುರುವಾಗಿ ಎರಡು ತಿಂಗಳಾಗುವಷ್ಟರಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ: "ನ್ಯೂಟನ್ನನ ಮೂರು ನಿಯಮಗಳು ಬಾಯಿಗೆ ಬರುತ್ತವೆ, ಸೂತ್ರಗಳೂ ಗೊತ್ತು. ಆದರೆ ಲೆಕ್ಕ ಎದುರಿಗಿಟ್ಟರೆ ಎಲ್ಲಿಂದ ಶುರು ಮಾಡಬೇಕೆಂದೇ ತಿಳಿಯುವುದಿಲ್ಲ." ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು ಇದರ ಜೊತೆಗೆ ಇನ್ನೊಂದು ಮಾತನ್ನೂ ಸೇರಿಸುತ್ತಾರೆ: "ಇಂಗ್ಲಿಷಿನಲ್ಲಿ ಇರುವುದರಿಂದ ಕಷ್ಟ." ಪಾರಿಭಾಷಿಕ ಪದಗಳು ಹೊಸದಾಗಿರುವುದು ನಿಜ. ಆದರೆ ಇಂಗ್ಲಿಷ್ ಮಾಧ್ಯಮದಿಂದ ಬಂದವರೂ ಅದೇ ಜಾಗದಲ್ಲಿ, ಅದೇ ತಪ್ಪು ಮಾಡಿ ಎಡವುವುದನ್ನು ನಾನು ಇಷ್ಟು ವರ್ಷ ನೋಡಿದ್ದೇನೆ. ತೊಡಕು ಭಾಷೆಯದಲ್ಲ. ಸೂತ್ರಕ್ಕೆ ಸಂಖ್ಯೆ ತುಂಬುವ ಮೊದಲು ಮಾಡಬೇಕಾದ ಐದು ನಿಮಿಷದ ಕೆಲಸವನ್ನು ಯಾರೂ ಮಾಡುವುದಿಲ್ಲ, ಅಷ್ಟೇ. ಆ ಐದು ನಿಮಿಷದಲ್ಲಿ ಏನು ಮಾಡಬೇಕು ಎಂಬುದನ್ನು ಕೆಳಗೆ ಹಂತ ಹಂತವಾಗಿ ಬರೆದಿದ್ದೇನೆ.

ಬೇಕಾಗುವ ಸಾಮಾನು

ಗೆರೆಯಿಲ್ಲದ ಒಂದು ನೋಟ್‌ಬುಕ್, ಪೆನ್ಸಿಲ್, ರಬ್ಬರ್. ಮನೆಯಲ್ಲಿ ಕೇರಂ ಬೋರ್ಡ್ ಇದ್ದರೆ ಅಟ್ಟದಿಂದ ಇಳಿಸಿಕೊಳ್ಳಿ. ಹೊಲಿಗೆ ದಾರ, ಅರ್ಧ ಲೀಟರಿನ ನೀರಿನ ಬಾಟಲಿ. ಗಣಿತದಲ್ಲಿ ಸೈನ್ ಮತ್ತು ಕೊಸೈನ್ ಗೊತ್ತಿದ್ದರೆ ಸಾಕು. ಕಲನಶಾಸ್ತ್ರ ಇನ್ನೂ ಬಂದಿಲ್ಲವೆಂದು ಹೆದರಬೇಡಿ, ಇಲ್ಲಿ ಅದರ ಅಗತ್ಯವಿಲ್ಲ. ಗುರುತ್ವ ವೇಗೋತ್ಕರ್ಷವನ್ನು (ವೇಗೋತ್ಕರ್ಷ ಎಂದರೆ ವೇಗ ಬದಲಾಗುವ ದರ) 9.8ರ ಬದಲು 10 ಎಂದು ಹಿಡಿದಿದ್ದೇನೆ, ಮನಸ್ಸಿನಲ್ಲೇ ಲೆಕ್ಕ ಹಾಕಲು ಅನುಕೂಲವಾಗಲೆಂದು. ಪರೀಕ್ಷೆಯಲ್ಲಿ ಪ್ರಶ್ನೆಯಲ್ಲಿ ಕೊಟ್ಟ ಬೆಲೆಯನ್ನೇ ಬಳಸಿ.

ಹಂತ 1: ಮನೆಯ ಮಾತಿನ ಬಲವನ್ನು ಬದಿಗಿಡಿ

"ಅವನ ತೋಳಿನಲ್ಲಿ ಬಲ ಇದೆ", "ಚೆಂಡಿನಲ್ಲಿ ಬಲ ಇತ್ತು, ಅದಕ್ಕೇ ಗಾಜು ಒಡೆಯಿತು" ಎನ್ನುತ್ತೇವೆ. ಮಾತಿಗೆ ಇದು ಸರಿ, ಲೆಕ್ಕಕ್ಕೆ ವಿಷ. ಭೌತಶಾಸ್ತ್ರದಲ್ಲಿ ಬಲ ಯಾವ ವಸ್ತುವಿನ ಒಳಗೂ ಇರುವುದಿಲ್ಲ. ಒಂದು ವಸ್ತು ಇನ್ನೊಂದನ್ನು ತಳ್ಳುವುದು ಅಥವಾ ಎಳೆಯುವುದೇ ಬಲ. ಎರಡು ವಸ್ತುಗಳಿಲ್ಲದೆ ಬಲವಿಲ್ಲ. ಚಪ್ಪಾಳೆ ತಟ್ಟಲು ಎರಡು ಕೈ ಬೇಕಾದಂತೆ.

ಹಾಗಾದರೆ ಹಾರಿ ಬರುವ ಚೆಂಡಿನೊಳಗೆ ಏನಿದೆ? ಅದಕ್ಕೆ ಸಂವೇಗ ಎಂದು ಹೆಸರು; ಕಾಲೇಜಿನಲ್ಲಿ ಮೊಮೆಂಟಮ್ ಎನ್ನುತ್ತಾರೆ. ರಾಶಿಯನ್ನು ವೇಗದಿಂದ ಗುಣಿಸಿದರೆ ಬರುವ ಗುಣಲಬ್ಧ ಅದು. ಚೆಂಡು ಸಂವೇಗವನ್ನು ಹೊತ್ತು ತರುತ್ತದೆ. ಗಾಜಿಗೆ ತಾಗಿದ ಕ್ಷಣದಲ್ಲಿ ಚೆಂಡಿಗೂ ಗಾಜಿಗೂ ನಡುವೆ ಬಲ ಹುಟ್ಟುತ್ತದೆ. ಬಿಟ್ಟ ಕ್ಷಣದಲ್ಲಿ ಅದು ಸಾಯುತ್ತದೆ. ಹೊತ್ತುಕೊಂಡು ಓಡಾಡಬಹುದಾದದ್ದು ಸಂವೇಗ, ಓಡಾಡಲಾಗದ್ದು ಬಲ. ಈ ಒಂದು ಭೇದ ತಲೆಗೆ ಹೋದರೆ ಅಧ್ಯಾಯದ ಅರ್ಧ ಮುಗಿಯಿತು ಎಂದೇ ನನ್ನ ಲೆಕ್ಕ.

ಈ ಗೊಂದಲ ನಿಮ್ಮೊಬ್ಬರದೇ ಎಂದು ಸಂಕೋಚಪಡಬೇಡಿ. ಎಸೆದ ಕಲ್ಲಿನೊಳಗೆ ಏನೋ ಒಂದು ತಳ್ಳುವ ಶಕ್ತಿ ತುಂಬಿಕೊಂಡಿರುತ್ತದೆ ಎಂದು 14ನೆಯ ಶತಮಾನದ ಪ್ಯಾರಿಸ್ಸಿನ ವಿದ್ವಾಂಸರು ವಾದಿಸಿದ್ದರು. ನಮ್ಮ ವೈಶೇಷಿಕ ದರ್ಶನದವರೂ ವೇಗವನ್ನು ವಸ್ತುವಿನಲ್ಲಿ ನೆಲೆಸುವ ಒಂದು ಸಂಸ್ಕಾರವೆಂದೇ ಎಣಿಸಿದ್ದರು. ದೊಡ್ಡವರೇ ನಡೆದ ದಾರಿ. ಆದರೆ ಆ ದಾರಿಯಲ್ಲಿ ಪಿಯುಸಿ ಲೆಕ್ಕ ಬಿಡಿಸಲು ಆಗುವುದಿಲ್ಲ.

ಇನ್ನೆರಡು ಪದಗಳನ್ನು ಇಲ್ಲೇ ಇತ್ಯರ್ಥ ಮಾಡಿಬಿಡೋಣ. ಅಂಗಡಿಯಲ್ಲಿ "ತೂಕ 5 ಕೆ.ಜಿ." ಎಂದು ಹೇಳುವುದು ನಿಜಕ್ಕೂ ರಾಶಿಯನ್ನು, ಅಂದರೆ ವಸ್ತುವಿನಲ್ಲಿರುವ ದ್ರವ್ಯದ ಪ್ರಮಾಣವನ್ನು. ಭೌತಶಾಸ್ತ್ರದ ತೂಕವೆಂದರೆ ಭೂಮಿ ಆ ವಸ್ತುವನ್ನು ಎಳೆಯುವ ಬಲ. ಅದರ ಮಾನ ನ್ಯೂಟನ್. 5 ಕೆ.ಜಿ. ಅಕ್ಕಿಯ ತೂಕ ಸುಮಾರು 50 ನ್ಯೂಟನ್. ಹಾಗೆಯೇ ಜವ ಎಂದರೆ ಎಷ್ಟು ಬೇಗ ಎಂಬುದಷ್ಟೇ. ವೇಗ ಎಂದರೆ ಎಷ್ಟು ಬೇಗ ಮತ್ತು ಯಾವ ಕಡೆಗೆ ಎರಡೂ. ದಿಕ್ಕನ್ನು ಮರೆತರೆ ಏನಾಗುತ್ತದೆಂದು ಆರನೆಯ ಹಂತದಲ್ಲಿ ನೋಡುತ್ತೀರಿ.

ಹಂತ 2: ಒಂದೇ ಒಂದು ಕಾಯವನ್ನು ಆರಿಸಿ

ಲೆಕ್ಕ ಓದಿದ ತಕ್ಷಣ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ, "ನಾನು ಯಾರ ಬಗ್ಗೆ ಮಾತಾಡುತ್ತಿದ್ದೇನೆ?" ಕೊಡವೇ, ಹಗ್ಗವೇ, ಹಗ್ಗ ಎಳೆಯುವವರೇ? ಆರಿಸಿದ ಕಾಯದ ಸುತ್ತ ಪೆನ್ಸಿಲಿನಿಂದ ಚುಕ್ಕೆಗೆರೆಯ ಒಂದು ಬೇಲಿ ಹಾಕಿ. ಬೇಲಿಯ ಒಳಗಿನದು ನಿಮ್ಮದು, ಹೊರಗಿನದೆಲ್ಲ ಲೋಕ. ಲೋಕವು ಬೇಲಿಯೊಳಗಿನದರ ಮೇಲೆ ಹಾಕುವ ಬಲಗಳು ಮಾತ್ರ ಲೆಕ್ಕಕ್ಕೆ ಬರುತ್ತವೆ.

ಎರಡು ಕಾಯಗಳಿದ್ದರೆ ಎರಡು ಚಿತ್ರ ಬರೆಯಿರಿ. ಒಂದೇ ಚಿತ್ರದಲ್ಲಿ ಎಲ್ಲ ಬಾಣಗಳನ್ನೂ ತುರುಕಿ, ಆಮೇಲೆ ಯಾವ ಬಾಣ ಯಾರದೆಂದು ತಿಳಿಯದೆ ಒದ್ದಾಡುವುದು ಉತ್ತರಪತ್ರಿಕೆಗಳಲ್ಲಿ ನಾನು ಅತಿ ಹೆಚ್ಚು ಕಾಣುವ ದೃಶ್ಯ. ಹೀಗೆ ಒಂದು ಕಾಯವನ್ನು ಸುತ್ತಲಿನಿಂದ ಬಿಡಿಸಿ ಬರೆದ ಚಿತ್ರಕ್ಕೇ ಫ್ರೀ ಬಾಡಿ ಡಯಾಗ್ರಾಮ್ ಎನ್ನುವುದು. ಹೆಸರು ದೊಡ್ಡದು, ವಿಷಯ ಇಷ್ಟೇ.

ಹಂತ 3: ಪ್ರತಿ ಬಲವನ್ನೂ ಮೂರು ಖಾನೆಯ ವಾಕ್ಯವಾಗಿ ಬರೆಯಿರಿ

ಬಾಣ ಎಳೆಯುವ ಮೊದಲು ಬರೆಯಬೇಕಾದ ವಾಕ್ಯ ಇದು: "ಇಂಥದರ ಮೇಲೆ, ಇಂಥದರಿಂದ, ಇಂಥ ಕಡೆಗೆ." ಉದಾಹರಣೆಗೆ ಮೇಜಿನ ಮೇಲಿಟ್ಟ ಪುಸ್ತಕ:

ಪುಸ್ತಕದ ಮೇಲೆ, ಭೂಮಿಯಿಂದ, ಕೆಳಕ್ಕೆ.
ಪುಸ್ತಕದ ಮೇಲೆ, ಮೇಜಿನಿಂದ, ಮೇಲಕ್ಕೆ.

ಮೊದಲನೆಯದು ತೂಕ. ಎರಡನೆಯದು ಅಭಿಲಂಬ ಬಲ, ಅಂದರೆ ಮೇಲ್ಮೈಯು ತನಗೆ ಲಂಬವಾಗಿ ತಳ್ಳುವ ಬಲ; ಕಾಲೇಜಿನಲ್ಲಿ ನಾರ್ಮಲ್ ಎನ್ನುತ್ತಾರೆ. "ಇಂದ" ಎಂಬ ಖಾನೆಗೆ ಹೆಸರು ಸಿಗದ ಬಲವನ್ನು ಹೊಡೆದುಹಾಕಿ. ಅದು ಸುಳ್ಳು ಬಲ.

ಈ ಜರಡಿಗೆ ಮೊದಲು ಸಿಕ್ಕಿಬೀಳುವುದು ಎರಡು. ಮೇಲಕ್ಕೆಸೆದ ಚೆಂಡಿನ ಮೇಲೆ "ಎಸೆದ ಬಲ" ಎಂದು ಬಾಣ ಬರೆಯುತ್ತಾರೆ. ಚೆಂಡು ಕೈಬಿಟ್ಟ ಮೇಲೆ ಆ ಬಲ ಯಾರಿಂದ? ಕೈ ದೂರ ಉಳಿಯಿತು. ಗಾಳಿಯ ತಡೆಯನ್ನು ಬಿಟ್ಟರೆ ಉಳಿದದ್ದು ಭೂಮಿಯ ಎಳೆತ ಒಂದೇ. ಇನ್ನೊಂದು, ಬ್ರೇಕ್ ಹಾಕಿದ ಬಸ್ಸಿನಲ್ಲಿ ನಿಂತವರನ್ನು ಮುಂದಕ್ಕೆ ನೂಕಿದ ಬಲ. ಯಾರಿಂದ? ಹಿಂದೆ ನಿಂತವರು ನೂಕಿಲ್ಲವಾದರೆ ಯಾರಿಂದಲೂ ಅಲ್ಲ. ಬಸ್ಸು ನಿಧಾನಿಸಿತು, ನಿಮ್ಮ ಪಾದವೂ ಬಸ್ಸಿನ ನೆಲದ ಘರ್ಷಣೆಯಿಂದ ನಿಧಾನಿಸಿತು, ಮೇಲಿನ ಮೈ ಮಾತ್ರ ಮೊದಲಿನ ವೇಗದಲ್ಲೇ ಹೋಗುತ್ತಿದೆ. ಇದೇ ಜಡತ್ವ.

ಮೂರನೆಯ ಕಳ್ಳ ಸ್ವಲ್ಪ ಜಾಣ: ರಾಶಿ × ವೇಗೋತ್ಕರ್ಷವನ್ನೇ ಒಂದು ಬಲವೆಂದು ಬಾಣ ಎಳೆಯುವುದು. ಅದು ಎಲ್ಲ ಬಲಗಳನ್ನು ಕೂಡಿಸಿದ ಮೇಲೆ ಸಿಗುವ ಮೊತ್ತಕ್ಕೆ ಸಮ. ಬಿಲ್ಲಿನ ಕೊನೆಯ ಮೊತ್ತವನ್ನು ಇನ್ನೊಂದು ಸಾಮಾನೆಂದು ಬಿಲ್ಲಿನೊಳಗೇ ಸೇರಿಸುತ್ತೀರಾ?

ಹಂತ 4: ಮೂರನೆಯ ನಿಯಮವನ್ನು ಸರಿಯಾಗಿ ಓದಿ

"ಪ್ರತಿಯೊಂದು ಕ್ರಿಯೆಗೂ ಸಮನಾದ ಮತ್ತು ವಿರುದ್ಧವಾದ ಪ್ರತಿಕ್ರಿಯೆ ಇರುತ್ತದೆ." ಬಾಯಿಪಾಠಕ್ಕೆ ಸೊಗಸಾದ ವಾಕ್ಯ, ತಪ್ಪು ತಿಳಿಯಲೂ ಅಷ್ಟೇ ಸೊಗಸು. ಕ್ರಿಯೆ ಮೊದಲು, ಪ್ರತಿಕ್ರಿಯೆ ಆಮೇಲೆ ಎಂಬ ಭಾವನೆ ಬರುತ್ತದೆ. ಎರಡೂ ಒಂದೇ ಕ್ಷಣಕ್ಕೆ ಹುಟ್ಟಿ ಒಂದೇ ಕ್ಷಣಕ್ಕೆ ಹೋಗುತ್ತವೆ. ಅದಕ್ಕಿಂತ ಮುಖ್ಯವಾಗಿ, ಅವು ಬೇರೆ ಬೇರೆ ಕಾಯಗಳ ಮೇಲೆ ಇರುತ್ತವೆ.

ಜೋಡಿಯನ್ನು ಹುಡುಕುವುದು ಬಹಳ ಸುಲಭ. ನಿಮ್ಮ ಮೂರು ಖಾನೆಯ ವಾಕ್ಯದಲ್ಲಿ "ಮೇಲೆ" ಮತ್ತು "ಇಂದ" ಇರುವ ಹೆಸರುಗಳನ್ನು ಅದಲು ಬದಲು ಮಾಡಿ, ದಿಕ್ಕನ್ನು ತಿರುಗಿಸಿ. "ಪುಸ್ತಕದ ಮೇಲೆ, ಭೂಮಿಯಿಂದ, ಕೆಳಕ್ಕೆ" ಎಂಬುದರ ಜೋಡಿ "ಭೂಮಿಯ ಮೇಲೆ, ಪುಸ್ತಕದಿಂದ, ಮೇಲಕ್ಕೆ". ಮೇಜು ಈ ಜೋಡಿಯಲ್ಲಿ ಇಲ್ಲವೇ ಇಲ್ಲ, ಗಮನಿಸಿ. ಪುಸ್ತಕದ ತೂಕಕ್ಕೆ ಮೇಜಿನ ಅಭಿಲಂಬ ಬಲವೇ ಪ್ರತಿಕ್ರಿಯೆ ಎಂದು ಬರೆದು ಅಂಕ ಕಳೆದುಕೊಳ್ಳುವವರು ಪ್ರತಿ ವರ್ಷವೂ ಇರುತ್ತಾರೆ. ಇಲ್ಲಿ ಅವೆರಡು ಸಮವಾಗಿರುವುದಕ್ಕೆ ಕಾರಣ ಪುಸ್ತಕ ಅಲುಗಾಡದೆ ಕೂತಿರುವುದು. ಪುಸ್ತಕವನ್ನು ಮೇಲಿನಿಂದ ಕೈಯಲ್ಲಿ ಒತ್ತಿ ನೋಡಿ: ತೂಕ ಬದಲಾಗದು, ಅಭಿಲಂಬ ಬಲ ಹೆಚ್ಚುತ್ತದೆ.

ಈಗ ಎಲ್ಲರೂ ಕೇಳುವ ಎತ್ತಿನ ಗಾಡಿಯ ಪ್ರಶ್ನೆ. ಎತ್ತು ಗಾಡಿಯನ್ನು ಎಳೆಯುವಷ್ಟೇ ಬಲದಿಂದ ಗಾಡಿಯೂ ಎತ್ತನ್ನು ಹಿಂದಕ್ಕೆ ಎಳೆಯುತ್ತದೆ. ಹಾಗಿದ್ದರೆ ಎರಡೂ ವಜಾ ಆಗಿ ಗಾಡಿ ನಿಂತಲ್ಲೇ ನಿಲ್ಲಬೇಕಲ್ಲ?

ಬೇಲಿ ಹಾಕಿ. ಮೊದಲು ಗಾಡಿಗೆ. ಗಾಡಿ 400 ಕೆ.ಜಿ. ಎನ್ನಿ. ಅದರ ಮೇಲೆ ಎತ್ತುಗಳಿಂದ ಮುಂದಕ್ಕೆ 500 ನ್ಯೂಟನ್, ರಸ್ತೆ ಮತ್ತು ಅಚ್ಚಿನ ತಡೆಯಿಂದ ಹಿಂದಕ್ಕೆ 300 ನ್ಯೂಟನ್. ನಿವ್ವಳ ಬಲ, ಅಂದರೆ ಕೂಡಿ ಕಳೆದು ಉಳಿದದ್ದು, 200. ವೇಗೋತ್ಕರ್ಷ 200 ÷ 400 = 0.5 ಮೀ/ಸೆ². ಗಾಡಿಯು ಎತ್ತನ್ನು ಎಳೆಯುವ ಬಲ ಈ ಚಿತ್ರದೊಳಗೆ ಬರುವುದೇ ಇಲ್ಲ, ಏಕೆಂದರೆ ಅದು ಗಾಡಿಯ ಮೇಲಿಲ್ಲ.

ಈಗ ಎತ್ತಿನ ಜೋಡಿಗೆ ಬೇರೆ ಬೇಲಿ. 600 ಕೆ.ಜಿ. ಎನ್ನೋಣ. ಗಾಡಿಯಿಂದ ಹಿಂದಕ್ಕೆ 500 ನ್ಯೂಟನ್. ಇವೂ 0.5 ಮೀ/ಸೆ² ವೇಗೋತ್ಕರ್ಷದಲ್ಲಿ ಮುಂದಕ್ಕೆ ಹೋಗಬೇಕಾದರೆ ನಿವ್ವಳ 300 ಬೇಕು, ಆದ್ದರಿಂದ ಮುಂದಕ್ಕೆ 800 ನ್ಯೂಟನ್ ಬೇಕು. ಅದು ಯಾರಿಂದ? ನೆಲದಿಂದ. ಎತ್ತು ಗೊರಸಿನಿಂದ ನೆಲವನ್ನು ಹಿಂದಕ್ಕೆ ಒದೆಯುತ್ತದೆ, ನೆಲ ಎತ್ತನ್ನು ಮುಂದಕ್ಕೆ ತಳ್ಳುತ್ತದೆ. ಕೆಸರಿನಲ್ಲಿ ಅದೇ ಎತ್ತುಗಳು ಸೋಲುವುದಕ್ಕೆ ಅರ್ಧ ಕಾರಣ ಹೂತುಹೋದ ಗಾಲಿ. ಇನ್ನರ್ಧ, ಗೊರಸು ಜಾರಿ ನೆಲಕ್ಕೆ ಆ 800 ನ್ಯೂಟನ್ ಕೊಡಲಾಗದೆ ಹೋಗುವುದು. ಕೊನೆಗೆ ಎತ್ತು ಗಾಡಿ ಎರಡಕ್ಕೂ ಸೇರಿಸಿ ಬೇಲಿ ಹಾಕಿ ತಾಳೆ ನೋಡಿ: 800 ಕಳೆ 300, ಅಂದರೆ 500, ಒಟ್ಟು ರಾಶಿ 1000, ವೇಗೋತ್ಕರ್ಷ ಮತ್ತೆ 0.5. ಬೇಲಿಯೊಳಗೆ ಸೇರಿಕೊಂಡ ಆ 500–500ರ ಜೋಡಿ ಈಗ ಮಾತ್ರ ನಿಜವಾಗಿ ವಜಾ ಆಯಿತು.

ಮೂರನೆಯ ನಿಯಮಕ್ಕೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕೆಂದು ನನಗನ್ನಿಸುವುದಿಲ್ಲ. ಈ ಮೂರು ಚಿತ್ರಗಳನ್ನು ನೋಡದೆ ಬರೆಯುವಷ್ಟು ಸಲ ಬರೆಯಿರಿ.

ಹಂತ 5: ದಿಕ್ಕು ಗೊತ್ತು ಮಾಡಿ, ಆಮೇಲೆ ಸೂತ್ರ

ಒಂದು ದಿಕ್ಕನ್ನು ಧನ ಎಂದು ತೀರ್ಮಾನಿಸಿ ಚಿತ್ರದ ಮೂಲೆಯಲ್ಲಿ ಬರೆದಿಡಿ. ಲೆಕ್ಕದ ನಡುವೆ ಮನಸ್ಸು ಬದಲಿಸಬೇಡಿ. ಈಗ ನಿವ್ವಳ ಬಲ = ರಾಶಿ × ವೇಗೋತ್ಕರ್ಷ.

ಬಾವಿಯ ರಾಟೆಯಲ್ಲಿ ನೀರು ಸೇದುತ್ತಿದ್ದೀರಿ. ನೀರು ತುಂಬಿದ ಕೊಡ 12 ಕೆ.ಜಿ. ಕೊಡಕ್ಕೆ ಬೇಲಿ. ಅದರ ಮೇಲೆ ಭೂಮಿಯಿಂದ ಕೆಳಕ್ಕೆ 120 ನ್ಯೂಟನ್, ಹಗ್ಗದಿಂದ ಮೇಲಕ್ಕೆ ಎಳೆತ. ಹಗ್ಗದ ಈ ಎಳೆತಕ್ಕೆ ಟೆನ್ಷನ್ ಎಂದು ಕಾಲೇಜಿನ ಹೆಸರು. ಮೇಲ್ಮುಖ ಧನ.

ಕೊಡ ಒಂದೇ ವೇಗದಲ್ಲಿ ಮೇಲೆ ಬರುತ್ತಿದ್ದರೆ ಎಳೆತ ಎಷ್ಟು? ತರಗತಿಯಲ್ಲಿ ಅರ್ಧದಷ್ಟು ಮಂದಿ "120ಕ್ಕಿಂತ ಹೆಚ್ಚು, ಮೇಲೆ ಬರುತ್ತಿದೆಯಲ್ಲ" ಎನ್ನುತ್ತಾರೆ. ವೇಗ ಬದಲಾಗುತ್ತಿಲ್ಲ, ವೇಗೋತ್ಕರ್ಷ ಸೊನ್ನೆ, ನಿವ್ವಳ ಬಲ ಸೊನ್ನೆ. ಎಳೆತ ಸರಿಯಾಗಿ 120. ನಿಂತ ಕೊಡವನ್ನು ಮೇಲಕ್ಕೆ ಹೊರಡಿಸುವಾಗ, 1.5 ಮೀ/ಸೆ² ವೇಗೋತ್ಕರ್ಷವಿದ್ದರೆ, 120 + 12 × 1.5 = 138 ನ್ಯೂಟನ್.

ಇನ್ನೂ ಸ್ವಾರಸ್ಯವಾದದ್ದು ಇಳಿಸುವಾಗ. ತುಂಬಿದ ಕೊಡ ಕೈ ಜಾರಿ ಸೆಕೆಂಡಿಗೆ 2 ಮೀಟರಿನಂತೆ ಕೆಳಗೆ ಹೋಗುತ್ತಿದೆ. ನೀವು ಹಗ್ಗವನ್ನು ಬಿಗಿಯಾಗಿ ಹಿಡಿದು 0.2 ಸೆಕೆಂಡಿನಲ್ಲಿ ನಿಲ್ಲಿಸಿದಿರಿ. ವೇಗ −2ರಿಂದ ಸೊನ್ನೆಗೆ ಬಂತು, ಬದಲಾವಣೆ +2, ವೇಗೋತ್ಕರ್ಷ +10. ಕೊಡ ಕೆಳಗೆ ಹೋಗುತ್ತಿದ್ದರೂ ವೇಗೋತ್ಕರ್ಷ ಮೇಲ್ಮುಖ! ಎಳೆತ 120 + 120 = 240. ಹಗ್ಗಕ್ಕೆ ಇಮ್ಮಡಿ ಭಾರ. ಸವೆದ ಹಗ್ಗ ಹರಿಯುವುದು ನಿಧಾನವಾಗಿ ಸೇದುವಾಗಲ್ಲ, ಹೀಗೆ ಗಕ್ಕನೆ ಹಿಡಿದಾಗ.

ಲಿಫ್ಟ್ ಮತ್ತು ತೂಕದ ಯಂತ್ರದ ಲೆಕ್ಕವೂ ಅಕ್ಷರಶಃ ಇದೇ. ಹಗ್ಗದ ಬದಲು ಯಂತ್ರದ ತಟ್ಟೆ ಮೇಲಕ್ಕೆ ತಳ್ಳುತ್ತದೆ. ಯಂತ್ರ ತೋರಿಸುವುದು ಆ ತಳ್ಳುವಿಕೆಯನ್ನು.

ಘರ್ಷಣೆಗೆ ಮಾತ್ರ ಎಚ್ಚರ ಬೇಕು. "ಘರ್ಷಣೆ = ಘರ್ಷಣಾಂಕ × ಅಭಿಲಂಬ ಬಲ" ಎಂದು ಕಣ್ಣು ಮುಚ್ಚಿ ಹಾಕಬೇಡಿ. (ಘರ್ಷಣಾಂಕ ಎಂದರೆ ಎರಡು ಮೇಲ್ಮೈಗಳ ನಡುವಿನ ಹಿಡಿತ ಎಷ್ಟೆಂದು ಹೇಳುವ ಸಂಖ್ಯೆ.) ವಸ್ತು ಜಾರುತ್ತಿದ್ದಾಗ ಅದು ನಿಜ. ನಿಂತಿರುವಾಗ ಆ ಸೂತ್ರ ಕೊಡುವುದು ಘರ್ಷಣೆಯ ಗರಿಷ್ಠ ಮಿತಿಯನ್ನು. ಸಿಮೆಂಟ್ ನೆಲದ ಮೇಲೆ 50 ಕೆ.ಜಿ. ಅಕ್ಕಿ ಮೂಟೆ. ನಿಂತಾಗಿನ ಘರ್ಷಣಾಂಕ 0.5, ಜಾರುವಾಗಿನದು 0.4 ಎಂದು ಕೊಟ್ಟಿದ್ದಾರೆ. ಮಿತಿ 0.5 × 500 = 250 ನ್ಯೂಟನ್. ನೀವು 150ರಿಂದ ತಳ್ಳಿದರೆ ಮೂಟೆ ಅಲುಗದು, ಘರ್ಷಣೆಯೂ 150 ಮಾತ್ರ. 250 ಎಂದು ಬರೆದರೆ ಮೂಟೆ ನಿಮ್ಮ ಕಡೆಗೇ ಓಡಿಬರಬೇಕಾಗುತ್ತದೆ!

ಈಗ 240ರಿಂದ ಅಡ್ಡಡ್ಡವಾಗಿ ತಳ್ಳಿ: 250ರ ಮಿತಿ ದಾಟದು, ಮೂಟೆ ನಿಂತಲ್ಲೇ. ಅದೇ 240ನ್ನು ಹಗ್ಗ ಕಟ್ಟಿ 30 ಡಿಗ್ರಿ ಮೇಲ್ಮುಖವಾಗಿ ಎಳೆಯಿರಿ. ಅಡ್ಡ ಭಾಗ 240 × ಕೊಸ್ 30 = 208; ಮೇಲ್ಮುಖ ಭಾಗ 240 × ಸೈನ್ 30 = 120. ನೆಲ ಹೊರಬೇಕಾದ್ದು ಈಗ 500ರ ಬದಲು 380, ಮಿತಿ 190ಕ್ಕೆ ಇಳಿಯಿತು. 208 ಅದನ್ನು ದಾಟುತ್ತದೆ, ಮೂಟೆ ಹೊರಡುತ್ತದೆ. ಹೊರಟ ಮೇಲೆ ಘರ್ಷಣೆ 0.4 × 380 = 152; ವೇಗೋತ್ಕರ್ಷ 56 ÷ 50, ಸುಮಾರು 1.1. ಅದೇ ಕೋನದಲ್ಲಿ ಬಗ್ಗಿ ಕೆಳಮುಖವಾಗಿ ನೂಕಿದರೆ ಅಭಿಲಂಬ ಬಲ 620, ಮಿತಿ 310; ಬೆವರು ಮಾತ್ರ ಲಾಭ. ಅಭಿಲಂಬ ಬಲ ಯಾವಾಗಲೂ ತೂಕಕ್ಕೆ ಸಮ ಎಂದು ಬಾಯಿಪಾಠ ಮಾಡಿದವರು ಈ ಲೆಕ್ಕದ ಮೂರೂ ಭಾಗಗಳಲ್ಲಿ ಒಂದೇ ಉತ್ತರ ಬರೆಯುತ್ತಾರೆ.

ಹಂತ 6: ಬಲ ಮತ್ತು ಸಮಯವನ್ನು ಒಟ್ಟಿಗೆ ನೋಡಿ

1687ರಲ್ಲಿ ಪ್ರಕಟವಾದ ಪ್ರಿನ್ಸಿಪಿಯಾದಲ್ಲಿ ನ್ಯೂಟನ್ ಎರಡನೆಯ ನಿಯಮವನ್ನು ರಾಶಿ × ವೇಗೋತ್ಕರ್ಷ ಎಂದು ಬರೆದಿಲ್ಲ. ಅವನು ಹೇಳಿದ್ದು, ಹೇರಿದ ಬಲಕ್ಕೆ ಅನುಗುಣವಾಗಿ, ಅದೇ ದಿಕ್ಕಿನಲ್ಲಿ ಚಲನೆ ಬದಲಾಗುತ್ತದೆ ಎಂದು. ಚಲನೆಯ ಪರಿಮಾಣವೆಂದರೆ ಅವನಿಗೆ ರಾಶಿ × ವೇಗ, ನಮ್ಮ ಸಂವೇಗ. ಡಿಕ್ಕಿ, ಏಟು, ನೆಗೆತದಂಥ ಲೆಕ್ಕಗಳಿಗೆ ಈ ರೂಪವೇ ಕೈಗೆ ಸುಲಭ:

ಬಲ × ಸಮಯ = ಸಂವೇಗದ ಬದಲಾವಣೆ

ಎಡಬದಿಗೆ ಆವೇಗ ಎಂದು ಹೆಸರು, ಇಂಪಲ್ಸ್. ಕ್ರಿಕೆಟ್ ಚೆಂಡಿನ ರಾಶಿ ಸುಮಾರು 160 ಗ್ರಾಂ. ಗಂಟೆಗೆ 108 ಕಿ.ಮೀ. ವೇಗದಲ್ಲಿ ಬಂದದ್ದನ್ನು ಹಿಡಿಯಬೇಕು. ಮೊದಲು ಮಾನ ಬದಲಿಸಿ: 160 ಗ್ರಾಂ ಅಂದರೆ 0.16 ಕೆ.ಜಿ.; 108 × 5/18 = 30 ಮೀ/ಸೆ. ಸಂವೇಗ 4.8 ಕೆ.ಜಿ. ಮೀ/ಸೆ. ಇದನ್ನು ಸೊನ್ನೆಗೆ ತರಬೇಕು; ಅದರಿಂದ ತಪ್ಪಿಸಿಕೊಳ್ಳುವಂತಿಲ್ಲ. ಎಷ್ಟು ಹೊತ್ತಿನಲ್ಲಿ ಎಂಬುದಷ್ಟೇ ನಿಮ್ಮ ಕೈಯಲ್ಲಿದೆ. ಕೈಯನ್ನು ಗಟ್ಟಿಯಾಗಿ ಹಿಡಿದು 0.002 ಸೆಕೆಂಡಿನಲ್ಲಿ ನಿಲ್ಲಿಸಿದರೆ ಸರಾಸರಿ ಬಲ 2400 ನ್ಯೂಟನ್: ಎರಡು ಕ್ವಿಂಟಾಲಿಗೂ ಮೀರಿದ ಭಾರ ಬೆರಳ ಮೇಲೆ ಬಿದ್ದಂತೆ. ಚೆಂಡಿನೊಡನೆ ಕೈಯನ್ನು ಹಿಂದಕ್ಕೆ ಒಯ್ದು 0.02 ಸೆಕೆಂಡ್ ತೆಗೆದುಕೊಂಡರೆ 240.

ಆ 0.02 ನಂಬುವಂಥದೇ? ಸರಾಸರಿ ವೇಗ 15 ಮೀ/ಸೆ., ಗುಣಿಸಿದರೆ 30 ಸೆಂಟಿಮೀಟರ್, ಸುಮಾರು ಒಂದು ಅಡಿ. ಕೈ ಅಷ್ಟು ಹಿಂದೆ ಹೋಗಬಲ್ಲದು. 0.1 ಸೆಕೆಂಡ್ ಎಂದು ಕೊಟ್ಟ ಲೆಕ್ಕ ಎದುರಾದರೆ ಕೈ ಒಂದೂವರೆ ಮೀಟರ್ ಹಿಂದೆ ಹೋಗಬೇಕಾಗುತ್ತದೆ ಎಂದು ಮನಸ್ಸಿನಲ್ಲೇ ನಕ್ಕು, ಅಂಕಕ್ಕಾಗಿ ಲೆಕ್ಕ ಮಾಡಿ.

ದಿಕ್ಕು ಮರೆತರೆ ಆಗುವ ಅನಾಹುತ ಇಲ್ಲಿದೆ. ಅದೇ ಚೆಂಡು 30 ಮೀ/ಸೆ. ವೇಗದಲ್ಲಿ ಬಂತು, ಬ್ಯಾಟಿಗೆ ತಾಗಿ ನೇರ ಬೌಲರ್ ಕಡೆಗೆ 40ರಲ್ಲಿ ಹೋಯಿತು. ವೇಗದ ಬದಲಾವಣೆ 10 ಎಂದಿರಾ? ಬೌಲರ್ ಕಡೆಯ ದಿಕ್ಕು ಧನ ಎಂದರೆ ಬರುವಾಗ −30, ಹೋಗುವಾಗ +40, ಬದಲಾವಣೆ 70. ಸಂವೇಗದ ಬದಲಾವಣೆ 11.2, ತಾಗಿದ ಸಮಯ 0.001 ಸೆಕೆಂಡಾದರೆ ಬಲ 11,200 ನ್ಯೂಟನ್. ಚಿಹ್ನೆ ತಪ್ಪಿದವರ ಉತ್ತರ ಇದರ ಏಳನೆಯ ಒಂದು ಪಾಲು.

ನೀರಿನ ಬಾಟಲಿ ಮತ್ತು ದಾರ ಈಗ ಹೊರಗೆ ತೆಗೆಯಿರಿ. ಬಾಟಲಿಯನ್ನು ಒಂದು ದಾರದಿಂದ ತೂಗುಹಾಕಿ, ಅದೇ ದಾರದ ಇನ್ನೊಂದು ತುಂಡನ್ನು ಬಾಟಲಿಯ ಕುತ್ತಿಗೆಗೇ ಕಟ್ಟಿ ಕೆಳಕ್ಕೆ ಬಿಡಿ. ಕೆಳಗಿನ ದಾರವನ್ನು ಮೆಲ್ಲಗೆ ಎಳೆಯುತ್ತ ಹೋದರೆ ಮೇಲಿನದು ಹರಿಯುತ್ತದೆ. ಬಾಟಲಿಯ ತೂಕ ಮತ್ತು ನಿಮ್ಮ ಎಳೆತ ಎರಡನ್ನೂ ಹೊತ್ತದ್ದು ಅದು. ಹೊಸ ದಾರ ಕಟ್ಟಿ ಕೆಳಗಿನದನ್ನು ಫಟ್ಟನೆ ಜಗ್ಗಿದರೆ ಕೆಳಗಿನದೇ ಹರಿಯುತ್ತದೆ. ಅಷ್ಟು ಕಡಿಮೆ ಸಮಯದಲ್ಲಿ ಬಾಟಲಿಗೆ ಹೋದ ಆವೇಗ ಅತ್ಯಲ್ಪ. ಅದು ಅಲುಗಿ ಮೇಲಿನ ದಾರವನ್ನು ಬಿಗಿಯುವ ಮೊದಲೇ ಆಟ ಮುಗಿದಿರುತ್ತದೆ. ಕೆಳಗೆ ದಿಂಬು ಇಡುವುದನ್ನು ಮರೆಯಬೇಡಿ.

ಹಂತ 7: ಡಿಕ್ಕಿಯಾದರೆ ಬೇಲಿಯನ್ನು ದೊಡ್ಡದು ಮಾಡಿ

ಡಿಕ್ಕಿ ಹೊಡೆಯುವ ಎರಡೂ ಕಾಯಗಳನ್ನು ಒಂದೇ ಬೇಲಿಯೊಳಗೆ ಹಾಕಿ. ಅವು ಪರಸ್ಪರ ತಳ್ಳುವ ಬಲಗಳು ಸಮ, ವಿರುದ್ಧ, ಸಮಯವೂ ಒಂದೇ. ಒಂದು ಕಳೆದುಕೊಂಡ ಸಂವೇಗವನ್ನು ಇನ್ನೊಂದು ಪಡೆಯಿತು. ಹೊರಗಿನ ಆವೇಗ ಇಲ್ಲದಿದ್ದರೆ ಒಟ್ಟು ಸಂವೇಗ ಡಿಕ್ಕಿಯ ಮೊದಲೂ ಆಮೇಲೂ ಒಂದೇ. ಇದೇ ಸಂವೇಗ ಸಂರಕ್ಷಣೆ. ಮೂರನೆಯ ನಿಯಮದ ಮಗುವೇ ಹೊರತು ಹೊಸ ನಿಯಮವಲ್ಲ.

ಕೇರಂ ಬೋರ್ಡಿಗೆ ಬನ್ನಿ. ಸ್ಟ್ರೈಕರ್ ಸುಮಾರು 15 ಗ್ರಾಂ, ಕಾಯಿ ಸುಮಾರು 5 ಗ್ರಾಂ. ಸ್ಟ್ರೈಕರ್ 2 ಮೀ/ಸೆ. ವೇಗದಲ್ಲಿ ಹೋಗಿ ನಿಂತ ಕಾಯಿಗೆ ನೇರವಾಗಿ ತಾಗಿತು. ಚಲನಶಕ್ತಿ ನಷ್ಟವಾಗಲಿಲ್ಲ ಎಂದುಕೊಂಡರೆ ಆಮೇಲೆ ಸ್ಟ್ರೈಕರ್ 1 ಮೀ/ಸೆ., ಕಾಯಿ 3 ಮೀ/ಸೆ. ತಾಳೆ ನೋಡಿ: ಮೊದಲು 15 × 2 = 30; ಆಮೇಲೆ 15 × 1 + 5 × 3 = 30. ಎರಡು ಬದಿಯಲ್ಲೂ ಗ್ರಾಂ ಇರುವುದರಿಂದ ಇಲ್ಲಿ ಕೆ.ಜಿ.ಗೆ ಬದಲಿಸದಿದ್ದರೂ ನಡೆಯುತ್ತದೆ. ಚಲನಶಕ್ತಿಯನ್ನು ನೀವೇ ಹಾಕಿ ನೋಡಿ, ಅದೂ ಸರಿಹೋಗುತ್ತದೆ. ನಿಜದ ಬೋರ್ಡಿನಲ್ಲಿ ಟಕ್ ಎಂಬ ಸದ್ದಿಗೂ ಬಿಸಿಗೂ ಸ್ವಲ್ಪ ಹೋಗುವುದರಿಂದ ಕಾಯಿ 3ಕ್ಕಿಂತ ಕೊಂಚ ಕಡಿಮೆ ಓಡುತ್ತದೆ.

ನೇರ ಹೊಡೆತದಲ್ಲಿ ಕಾಯಿಯ ಹಿಂದೆಯೇ ಸ್ಟ್ರೈಕರ್ ಕೂಡ ಪಾಕೆಟ್ಟಿಗೆ ಬಿದ್ದು ದಂಡ ತೆರುವುದು ಏಕೆಂದು ಈಗ ಗೊತ್ತಾಯಿತಲ್ಲ: ಭಾರವಾದದ್ದು ಹಗುರವಾದದ್ದಕ್ಕೆ ಬಡಿದರೆ ನಿಲ್ಲುವುದಿಲ್ಲ, ಮುಂದಕ್ಕೇ ಹೋಗುತ್ತದೆ. ಸ್ಟ್ರೈಕರಿನ ಬದಲು ಒಂದು ಕಾಯಿಯನ್ನೇ ಚಿಮ್ಮಿ ಇನ್ನೊಂದು ಕಾಯಿಗೆ ನೇರವಾಗಿ ಹೊಡೆಯಿರಿ. ಹೊಡೆದದ್ದು ಹೆಚ್ಚುಕಡಿಮೆ ಅಲ್ಲೇ ನಿಲ್ಲುತ್ತದೆ, ಹೊಡೆಸಿಕೊಂಡದ್ದು ಓಡುತ್ತದೆ. ಮೊಬೈಲಿನ ಸ್ಲೋ ಮೋಷನ್‌ನಲ್ಲಿ ಹಿಡಿದರೆ ಚೆನ್ನಾಗಿ ಕಾಣುತ್ತದೆ.

"ಬೋರ್ಡಿನ ಘರ್ಷಣೆ ಹೊರಗಿನ ಬಲವಲ್ಲವೇ, ಸಂರಕ್ಷಣೆ ಹೇಗೆ?" ಎಂದು ಕೇಳಿದವರಿಗೆ ಶಹಬ್ಬಾಸ್. ಹೊರಗಿನದೇ. ಆದರೆ ಡಿಕ್ಕಿ ಮುಗಿಯುವ ಅಲ್ಪ ಸಮಯದಲ್ಲಿ ಅದರ ಆವೇಗ ಗಣನೆಗೆ ಬಾರದಷ್ಟು ಸಣ್ಣದು. ಆದ್ದರಿಂದ "ಮೊದಲು" ಎಂದರೆ ತಾಗುವ ತುಸು ಮೊದಲು, "ಆಮೇಲೆ" ಎಂದರೆ ಬಿಟ್ಟ ತಕ್ಷಣ. ಕಾಯಿ ಬೋರ್ಡಿನ ಮೇಲೆ ಜಾರಿ ನಿಂತ ಮೇಲೆ ಸಂರಕ್ಷಣೆಯನ್ನು ಹುಡುಕಬೇಡಿ. ಅಲ್ಲಿ ಘರ್ಷಣೆ ಸಾವಕಾಶವಾಗಿ ತನ್ನ ಪಾಲು ವಸೂಲಿ ಮಾಡಿರುತ್ತದೆ.

ರಾಕೆಟ್ಟೂ ಇದೇ ಲೆಕ್ಕ, ಡಿಕ್ಕಿಯನ್ನು ತಿರುವುಮುರುವು ಮಾಡಿದಂತೆ. 2023ರ ಜುಲೈ 14ರಂದು ಶ್ರೀಹರಿಕೋಟಾದಿಂದ ಚಂದ್ರಯಾನ-3ನ್ನು ಹೊತ್ತೊಯ್ದ ಎಲ್‌ವಿಎಂ-3 ರಾಕೆಟ್ ನೆಲ ಬಿಡುವಾಗ ಸುಮಾರು 640 ಟನ್ ಇತ್ತು. ಅದರಲ್ಲಿ ಬಹುಪಾಲು ಇಂಧನ. ಅನಿಲವನ್ನು ಹಿಂದಕ್ಕೆ ತಳ್ಳಿ ರಾಕೆಟ್ ಮುಂದಕ್ಕೆ ಹೋಗುತ್ತದೆ. ತಳ್ಳಲು ನೆಲವಾಗಲಿ ಗಾಳಿಯಾಗಲಿ ಬೇಕಿಲ್ಲ. ಇದು ತಿಳಿಯದೆ, ಗಾಳಿಯಿಲ್ಲದ ಕಡೆ ರಾಕೆಟ್ ನಡೆಯದೆಂದು 1920ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಅಮೆರಿಕದ ರಾಕೆಟ್ ವಿಜ್ಞಾನಿ ರಾಬರ್ಟ್ ಗೊಡಾರ್ಡ್ ಅವರನ್ನು ಸಂಪಾದಕೀಯದಲ್ಲಿ ಹಂಗಿಸಿತ್ತು. ತಿದ್ದುಪಡಿ ಹಾಕಿದ್ದು 1969ರ ಜುಲೈ 17ರಂದು, ಅಪೊಲೊ 11 ಚಂದ್ರನತ್ತ ಹೊರಟ ಮರುದಿನ. "ಇಂದ" ಎಂಬ ಖಾನೆಯಲ್ಲಿ "ಅನಿಲ" ಎಂದು ಬರೆದಿದ್ದರೆ ಆ ನಲವತ್ತೊಂಬತ್ತು ವರ್ಷ ಉಳಿಯುತ್ತಿತ್ತು.

ಹಂತ 8: ಉತ್ತರವನ್ನು ತೂಗಿ ನೋಡಿ

ಮಾನ ಬರೆದಿದ್ದೀರಾ? ಸಂಖ್ಯೆ ನಂಬುವಂತಿದೆಯೇ? ಮೇಲಿನ ಕ್ಯಾಚಿನ ಲೆಕ್ಕದಲ್ಲಿ ಗ್ರಾಮನ್ನು ಕೆ.ಜಿ.ಗೆ ಬದಲಿಸದಿದ್ದರೆ ಬೆರಳಿನ ಮೇಲೆ 240 ಟನ್ ಭಾರ ಬರುತ್ತದೆ. ಅಂಥ ಉತ್ತರದ ಕೆಳಗೆ ಎರಡು ಗೆರೆ ಎಳೆದು ಮುಂದಿನ ಪ್ರಶ್ನೆಗೆ ಹೋಗಬೇಡಿ. ಉತ್ತರ ಋಣವಾಗಿ ಬಂದರೆ ಗಾಬರಿ ಬೇಡ, ನೀವು ಊಹಿಸಿದ್ದಕ್ಕೆ ವಿರುದ್ಧ ದಿಕ್ಕು ಎಂದು ಅರ್ಥ.

ಅಭ್ಯಾಸಕ್ಕೆ ಮೂರು ಲೆಕ್ಕ ಕೊಡುತ್ತೇನೆ. ಪ್ರತಿಯೊಂದಕ್ಕೂ ಬೇಲಿ, ಮೂರು ಖಾನೆಯ ವಾಕ್ಯ, ಚಿತ್ರ, ಆಮೇಲೆ ಸೂತ್ರ.

ಒಂದು: ನಿಂತ ಹರಿಗೋಲಿನಿಂದ 50 ಕೆ.ಜಿ.ಯ ಹುಡುಗಿ ದಡದ ಕಡೆಗೆ 2 ಮೀ/ಸೆ. ವೇಗದಲ್ಲಿ ನೆಗೆದಳು. ಹರಿಗೋಲು 100 ಕೆ.ಜಿ. ಅದು ಯಾವ ಕಡೆಗೆ, ಎಷ್ಟು ವೇಗದಲ್ಲಿ ಹೊರಟಿತು?

ಎರಡು: 1 ಕೆ.ಜಿ. ಪುಸ್ತಕವನ್ನು ಮೇಜಿನ ಮೇಲಿಟ್ಟು 20 ನ್ಯೂಟನ್ ಬಲದಿಂದ ಕೆಳಕ್ಕೆ ಒತ್ತಿದ್ದೀರಿ. ಅಭಿಲಂಬ ಬಲ ಎಷ್ಟು, ಅದರ ಮೂರನೆಯ ನಿಯಮದ ಜೋಡಿ ಯಾವುದು?

ಮೂರು: ನೇರವಾದ, ಸಮತಟ್ಟಾದ ರಸ್ತೆಯಲ್ಲಿ ಬಸ್ಸು ಗಂಟೆಗೆ 60 ಕಿ.ಮೀ. ಒಂದೇ ವೇಗದಲ್ಲಿ ಹೋಗುತ್ತಿದೆ. ಸೀಟಿನಲ್ಲಿ ಕೂತ 50 ಕೆ.ಜಿ.ಯ ಪ್ರಯಾಣಿಕರ ಮೇಲಿನ ನಿವ್ವಳ ಬಲ ಎಷ್ಟು?

ಮೊದಲನೆಯದಕ್ಕೆ ದಡದಿಂದ ಆಚೆಗೆ 1 ಮೀ/ಸೆ., ಎರಡನೆಯದಕ್ಕೆ 30 ನ್ಯೂಟನ್. ಮೂರನೆಯದಕ್ಕೆ ಸೊನ್ನೆ ಬಿಟ್ಟು ಬೇರೆ ಏನಾದರೂ ಸಂಖ್ಯೆ ಬಂದಿದ್ದರೆ ಐದನೆಯ ಹಂತದ ಕೊಡವನ್ನು ಇನ್ನೊಮ್ಮೆ ಸೇದಿ ಬನ್ನಿ.